ವೈಟ್‌ಹಾಲ್ ಅಂದರೆ ಶ್ವೇತಭವನ ಅಲ್ಲ, ಮಗಳೇ

ಮೈಸೂರು,
ಭಾನುವಾರ

ಚಿ. ಮೇಘನಾಗೆ, ದೊಡ್ಡಪ್ಪನ ಆಶೀರ್ವಾದಗಳು.

ನೀನು ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಕಾರಣವನ್ನೂ ಹೇಳಿದ. ನಿಮ್ಮ ಪತ್ರಿಕೆಯ ವಿದೇಶ ಪುಟಕ್ಕೆ ಬಂದ ಇಂಗ್ಲಿಷ್ ಸುದ್ದಿಯ ಕಾಪಿಯಲ್ಲಿ 'ವೈಟ್‌ಹಾಲ್' ಅಂತ ಇತ್ತು, ನೀನು ಅದನ್ನು 'ಶ್ವೇತಭವನ' ಮಾಡಿಬಿಟ್ಟೆ. ಲಂಡನ್ನಿನ ಅಧಿಕಾರಿಗಳ ಗೊಣಗಾಟ ನಿನ್ನ ಕೈಯಲ್ಲಿ ಅಮೆರಿಕ ಅಧ್ಯಕ್ಷರ ಸಿಟ್ಟಾಯಿತು. ಚೀಫ್ ಸಬ್ ಎಡಿಟರ್ ಎಲ್ಲರ ಮುಂದೆ ಬೈದರಂತೆ. ಬೈಯಲಿ ಬಿಡು. ಮೊದಲು ಊಟ ಮಾಡು.

ನನ್ನದೊಂದು ಕತೆ ಕೇಳು. ಇದು ನಿಮ್ಮ ದೊಡ್ಡಮ್ಮನಿಗೂ ಗೊತ್ತಿಲ್ಲ. ಪತ್ರಿಕೆಯ ಡೆಸ್ಕಿಗೆ ಸೇರಿ ಮೂರು ತಿಂಗಳಾಗಿತ್ತು, ರಾತ್ರಿ ಪಾಳಿ. ಸ್ಕಾಟ್ಲೆಂಡ್ ಯಾರ್ಡ್ ಯಾರನ್ನೋ ಹಿಡಿದ ಸುದ್ದಿ ಟೆಲಿಪ್ರಿಂಟರಿನಲ್ಲಿ ಬಂತು. ನಾನು ಧೈರ್ಯವಾಗಿ 'ಸ್ಕಾಟ್ಲೆಂಡಿನ ಪೊಲೀಸರು' ಅಂತ ಬರೆದೆ. ವಾರದೊಳಗೆ ಓದುಗರೊಬ್ಬರ ಕಾರ್ಡು ಬಂತು. ಅದು ಲಂಡನ್ ಪೊಲೀಸರ ಹೆಸರು ಸ್ವಾಮಿ, ಸ್ಕಾಟ್ಲೆಂಡಿಗೆ ಬೇರೆ ಪೊಲೀಸರಿದ್ದಾರೆ, ಅಂತ. ಅವತ್ತು ಯಾರ ಮುಖವನ್ನೂ ನೋಡಲು ಆಗಲಿಲ್ಲ ನನಗೆ.

ಆ ಹೆಸರಿನ ಕತೆ ಆಮೇಲೆ ಹುಡುಕಿಕೊಂಡು ಓದಿದೆ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಪಡೆ ಶುರುವಾಗಿದ್ದು 1829ರಲ್ಲಿ. ಕಚೇರಿ ಇದ್ದದ್ದು ವೈಟ್‌ಹಾಲ್ ಪ್ಲೇಸ್ ಅನ್ನೋ ಬೀದಿಯ 4ನೇ ನಂಬರಿನ ಮನೆಯಲ್ಲಿ. ಅದರ ಹಿಂಬಾಗಿಲು ಗ್ರೇಟ್ ಸ್ಕಾಟ್ಲೆಂಡ್ ಯಾರ್ಡ್ ಎಂಬ ಬೀದಿಯ ಕಡೆಗಿತ್ತು. ಜನ ಬರುತ್ತಿದ್ದದ್ದು ಆ ಕಡೆಯಿಂದ. ಹೀಗೆ ಹಿಂಬಾಗಿಲ ಬೀದಿಯೇ ಪೊಲೀಸರ ಹೆಸರಾಯಿತು. 1890ರಲ್ಲಿ ಕಚೇರಿ ಥೇಮ್ಸ್ ದಂಡೆಗೆ ಹೋಯಿತು, 1967ರಲ್ಲಿ ಇನ್ನೊಂದು ಕಡೆಗೆ, 2016ರಲ್ಲಿ ಮತ್ತೆ ದಂಡೆಗೆ. ಮನೆ ಬದಲಾಯಿಸುವವರು ಒರಳುಕಲ್ಲು ಹೊತ್ತುಕೊಂಡು ಹೋಗುವ ಹಾಗೆ ಪ್ರತಿ ಸಲವೂ ಹೆಸರನ್ನು ಹೊತ್ತುಕೊಂಡು ಹೋದರು. ಹೆಸರಿನ ಮೊದಲಿಗೆ 'ನ್ಯೂ' ಅಂತ ಸೇರಿಸಿದರು, ಅಷ್ಟೇ.

ನಿನ್ನ ವೈಟ್‌ಹಾಲೂ ಹಾಗೇ. ಅದು ಮೊದಲು ಒಂದು ಅರಮನೆಯಾಗಿತ್ತು. 1698ರಲ್ಲಿ ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯಿತು. ಬ್ಯಾಂಕ್ವೆಟಿಂಗ್ ಹೌಸ್ ಅನ್ನೋ ಒಂದು ಕಟ್ಟಡ ಉಳಿಯಿತು, ಹೆಸರು ಉಳಿಯಿತು. ಈಗ ಅದು ಒಂದು ರಸ್ತೆ. ಅದರ ಅಕ್ಕಪಕ್ಕ ಸರ್ಕಾರಿ ಇಲಾಖೆಗಳಿವೆ. ಹಾಗಾಗಿ ಇಂಗ್ಲಿಷಿನವರು ವೈಟ್‌ಹಾಲ್ ಅಂದಾಗ ಹೆಚ್ಚಾಗಿ ಇಲಾಖೆಗಳ ಅಧಿಕಾರಿಗಳು ಅಂತ ಅರ್ಥ. ಸರ್ಕಾರ ಬಂದರೂ ಹೋದರೂ ಕುರ್ಚಿ ಬಿಡದವರು. ವೆಸ್ಟ್‌ಮಿನ್ಸ್ಟರ್ ಅಂದರೆ ಸಂಸತ್ತು, ಅಲ್ಲಿನ ರಾಜಕಾರಣ. ಡೌನಿಂಗ್ ಸ್ಟ್ರೀಟ್ ಅಥವಾ ಬರೀ '10ನೇ ನಂಬರ್' ಅಂದರೆ ಪ್ರಧಾನಿ ಮತ್ತು ಅವರ ಕಚೇರಿ. 1735ರಲ್ಲಿ ರಾಬರ್ಟ್ ವಾಲ್ಪೋಲ್ ಬಂದು ಕೂತ ಮನೆ ಅದು. ಇವತ್ತಿಗೂ ಅದರ ಬಾಗಿಲ ಮೇಲೆ 'ಪ್ರಧಾನಿ' ಅಂತ ಇಲ್ಲ, ಖಜಾನೆಯ ಪ್ರಥಮ ಲಾರ್ಡ್ ಅಂತಿದೆ. ಪ್ರಧಾನಿಗೇ ಇರುವ ಹಳೆಯ ಪದವಿ ಅದು.

ಮೂರೂ ಜಾಗ ಹತ್ತಿರ ಹತ್ತಿರ ಇವೆ. ನಡೆದೇ ಹೋಗಬಹುದು. ಆದರೆ ಸುದ್ದಿಯಲ್ಲಿ ಒಂದಕ್ಕೊಂದು ಬಹಳ ದೂರ. 'ಡೌನಿಂಗ್ ಸ್ಟ್ರೀಟಿಗೆ ಒಪ್ಪಿಗೆಯಿದೆ, ವೈಟ್‌ಹಾಲ್‌ಗೆ ಇಲ್ಲ' ಅಂತ ಬಂತು ಅಂದುಕೋ. ಸುಲಭ ಅಂತ ಎರಡನ್ನೂ 'ಬ್ರಿಟನ್ ಸರ್ಕಾರ' ಮಾಡಿದರೆ ಏನಾಗುತ್ತೆ? ಬ್ರಿಟನ್ ಸರ್ಕಾರ ಒಪ್ಪಿದೆ, ಬ್ರಿಟನ್ ಸರ್ಕಾರ ಒಪ್ಪಿಲ್ಲ. ಜಗಳವೇ ಸುದ್ದಿ, ನೀನು ಜಗಳವನ್ನೇ ಅಳಿಸಿದ ಹಾಗಾಯಿತು. ನೀನು ಮಾಡಿದ ತಪ್ಪು ಎದ್ದು ಕಾಣುತ್ತೆ, ಯಾರಾದರೂ ಹಿಡಿಯುತ್ತಾರೆ. ಈ ತಪ್ಪನ್ನು ಯಾರೂ ಹಿಡಿಯಲ್ಲ. ನನಗೆ ಇದರ ಭಯವೇ ಜಾಸ್ತಿ.

ನಮ್ಮ ಪಕ್ಕದ ದೇಶವನ್ನೇ ನೋಡು. ಇಂಗ್ಲಿಷ್ ಪತ್ರಿಕೆಗಳು ಇಸ್ಲಾಮಾಬಾದ್ ಅಂದರೆ ಪಾಕಿಸ್ತಾನದ ಸರ್ಕಾರ. ರಾವಲ್ಪಿಂಡಿ ಅಂದರೆ ಸೇನೆ, ಯಾಕೆಂದರೆ ಅದರ ಮುಖ್ಯ ಕಚೇರಿ ಅಲ್ಲಿದೆ. ಎರಡನ್ನೂ 'ಪಾಕಿಸ್ತಾನ' ಅಂತ ಬರೆದರೆ ಸುದ್ದಿಯ ತಿರುಳೇ ಹೋಯಿತು, ಅಲ್ವಾ?

ಅಮೆರಿಕದ್ದು ಸ್ವಲ್ಪ ಸಲೀಸು. ವೈಟ್ ಹೌಸನ್ನು ನಮ್ಮವರು ಶ್ವೇತಭವನ ಮಾಡಿ ಎಷ್ಟೋ ಕಾಲವಾಯಿತು, ಅದು ಈಗ ಕನ್ನಡದ್ದೇ ಮಾತು. ಆದರೆ ಆ ಧೈರ್ಯದಲ್ಲಿ ಫಾಗಿ ಬಾಟಮ್‌ಗೆ ಕೈ ಹಾಕಬೇಡ. 'ಮಂಜಿನ ತಳ' ಅಂದರೆ ಯಾರಿಗೂ ಏನೂ ತಿಳಿಯಲ್ಲ. ಅದು ವಾಷಿಂಗ್ಟನ್ನಿನಲ್ಲಿ ಹೊಳೆ ಪಕ್ಕದ ತಗ್ಗು ಜಾಗ. 1947ರಲ್ಲಿ ವಿದೇಶಾಂಗ ಇಲಾಖೆ ಅಲ್ಲಿಗೆ ಹೋಯಿತು. ಸುಮ್ನೆ 'ಅಮೆರಿಕದ ವಿದೇಶಾಂಗ ಇಲಾಖೆ' ಅಂತ ಬರೆ. ಪೆಂಟಗನ್ ಹಾಗೇ ಇರಲಿ, ಜನಕ್ಕೆ ಗೊತ್ತು. 2025ರಲ್ಲಿ ಟ್ರಂಪ್ ರಕ್ಷಣಾ ಇಲಾಖೆಯನ್ನು ಯುದ್ಧ ಇಲಾಖೆ ಅಂತಲೂ ಕರೆಯಬಹುದು ಎಂದು ಆದೇಶ ಮಾಡಿದರು, ಆದರೂ ಪೆಂಟಗನ್ ಪೆಂಟಗನ್ನೇ. ಅದು ಇರುವುದು ವರ್ಜೀನಿಯಾದಲ್ಲಿ, ಹೊಳೆಯ ಆಚೆ ದಡ. 'ವಾಷಿಂಗ್ಟನ್ನಿನ ಪೆಂಟಗನ್ ಕಟ್ಟಡ' ಅಂತ ಬರೆದೀಯೆ ಮತ್ತೆ.

ಊರಿನ ಹೆಸರು ಹೇಳಿ ಕಚೇರಿ ತೋರಿಸುವುದು ನಮಗೇನು ಹೊಸದಾ? ಪರಪ್ಪನ ಅಗ್ರಹಾರಕ್ಕೆ ಹೋದ ಅಂದರೆ ಯಾರೂ ಸೈಟ್ ನೋಡಲು ಹೋದ ಅಂದುಕೊಳ್ಳಲ್ಲ. ಆದರೆ ಆ ಜಾಣತನ ಅಲ್ಲಿನ ಕಾಪಿ ಓದುವಾಗ ನಮಗೆ ಇರಲ್ಲ.

ಇದಕ್ಕೆ ಕನ್ನಡವೇ ಒಂದು ದಾರಿ ಕೊಟ್ಟಿದೆ. ನಮ್ಮ ಕ್ರಿಯಾಪದಕ್ಕೆ ಬಾಲ ಇದೆಯಲ್ಲ, ಅದನ್ನು ನೋಡು. 'ಹೇಳಿದರು' ಅಂತ ಬರೆದರೆ ಒಬ್ಬ ಮನುಷ್ಯ ಇದ್ದಾನೆ. 'ಡೌನಿಂಗ್ ಸ್ಟ್ರೀಟ್ ಹೇಳಿದೆ' ಅಂತ ಬರೆಯುವಾಗ ಒಂದು ಗಳಿಗೆ ಕೈ ನಿಲ್ಲಿಸು. ಬೀದಿಗೆ ಬಾಯಿಲ್ಲ. ಪ್ರಧಾನಿಯಾ, ವಕ್ತಾರರಾ, ಹೆಸರು ಹೇಳಲು ಇಷ್ಟವಿಲ್ಲದ ಸಲಹೆಗಾರನಾ? ಕಾಪಿಯಲ್ಲಿ ಕೆಳಗೆಲ್ಲೋ ನಾಲ್ಕನೇ ಪ್ಯಾರಾದಲ್ಲಿ ಇರುತ್ತೆ, ಹುಡುಕು. ಸಿಕ್ಕರೆ ಮೊದಲ ಸಾಲಿಗೆ ತಾ. ಸಿಗದಿದ್ದರೆ 'ಪ್ರಧಾನಿ ಕಚೇರಿ' ಅಂತ ಬಿಡಿಸಿ ಬರೆ. ಹೆಡ್ಡಿಂಗಿನಲ್ಲಿ ಜಾಗ ಸಾಲದಿದ್ದರೆ ಮಾತ್ರ ಚಿಕ್ಕ ಹೆಸರು.

ನನ್ನ ಹಳೇ ನೋಟ್‌ಬುಕ್ಕನ್ನು ನಿಮ್ಮಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ, ದೊಡ್ಡಮ್ಮನ ಕೋಡುಬಳೆ ಡಬ್ಬದ ಜೊತೆ. ಅದರಲ್ಲಿ ಇಂಥ ಹೆಸರುಗಳೇ ಇವೆ. ಜರ್ಮನಿ ಪುಟದಲ್ಲಿ 'ಬಾನ್' ಅಂತಿದ್ದದ್ದನ್ನು 1999ರಲ್ಲಿ ಹೊಡೆದು 'ಬರ್ಲಿನ್' ಮಾಡಿದ್ದೇನೆ, ಅವರ ಸರ್ಕಾರ ಆ ವರ್ಷ ಅಲ್ಲಿಗೆ ಹೋಯಿತಲ್ಲ. ಕೊನೆಯ ಹಾಳೆಗಳು ಖಾಲಿ ಇವೆ, ನೀನು ಬರೆದುಕೋ. ಮೊದಲ ಪುಟದಲ್ಲಿ ಒಂದು ಪೋಸ್ಟ್ ಕಾರ್ಡು ಅಂಟಿಸಿದೆ. ಅದನ್ನು ದೊಡ್ಡಮ್ಮನಿಗೆ ತೋರಿಸಬೇಡ.

ಇಂತಿ,
ನಿನ್ನ ದೊಡ್ಡಪ್ಪ