ಡ್ರಮ್ ಪ್ಯಾಟರ್ನ್ ಕಳುಹಿಸುವವರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ.

ಕೊಪ್ಪಳದಲ್ಲಿ ಭಾನುವಾರ ನಡೆಯುವ ತತ್ವಪದಗಳ ಧ್ವನಿಮುದ್ರಣಕ್ಕಾಗಿ ಬಂದಿರುವ ಫೈಲ್‌ಗಳಲ್ಲಿ ಹೆಚ್ಚಿನವು, ಹಾಡು ದಾದರಾ ತಾಳದಲ್ಲಿದ್ದರೂ, 16 ಸ್ಟೆಪ್‌ಗಳಲ್ಲಿಯೇ (ಪೆಟ್ಟುಗಳನ್ನು ಇರಿಸುವ ಸಮಾನ ಅವಧಿಯ ಮನೆಗಳಲ್ಲಿಯೇ) ಇವೆ. 1980ರ ರೋಲ್ಯಾಂಡ್ ಟಿಆರ್-808 ಡ್ರಮ್ ಯಂತ್ರದಲ್ಲಿದ್ದ 16 ಗುಂಡಿಗಳ ಸಾಲನ್ನೇ ಇಂದಿನ ಅನೇಕ ಸಾಫ್ಟ್‌ವೇರ್‌ಗಳು ಅನುಸರಿಸುವುದರಿಂದ ತೆರೆದ ಕೂಡಲೇ ಆ ಸಂಖ್ಯೆ ಕಾಣಿಸುತ್ತದೆ. ಆದರೆ ಅದು ಎಂಟು ಮಾತ್ರೆಯ ಕೆಹರವಾ ತಾಳಕ್ಕೆ ಹೊಂದುತ್ತದೆಯೇ ಹೊರತು ಆರು ಮಾತ್ರೆಯ ದಾದರಾಕ್ಕಲ್ಲ. ಆದ್ದರಿಂದ ಮಾತ್ರೆಗೆ ಎರಡು ಸ್ಟೆಪ್‌ನಂತೆ ಪ್ಯಾಟರ್ನಿನ ಉದ್ದವನ್ನು 12ಕ್ಕೆ ಇಳಿಸಿ, ತಾಳದ ಮೊದಲ ಪೆಟ್ಟಾದ ಸಮ್ ಅನ್ನು 1ನೆಯ ಸ್ಟೆಪ್‌ನಲ್ಲೂ ಒತ್ತಿಲ್ಲದ ನಾಲ್ಕನೆಯ ಮಾತ್ರೆಯಾದ ಖಾಲಿಯನ್ನು 7ನೆಯದರಲ್ಲೂ ಇರಿಸಿಕೊಳ್ಳಬೇಕೆಂದು ವಿನಂತಿ.

ಎಲ್ಲ ಪೆಟ್ಟುಗಳಿಗೂ ಒಂದೇ ವೆಲಾಸಿಟಿ (ಪೆಟ್ಟಿನ ಬಲ) ಕೊಟ್ಟರೆ ಗಂಗಾವತಿಯ ಅಕ್ಕಿ ಗಿರಣಿ ಪಕ್ಕದಲ್ಲೇ ಓಡುತ್ತಿರುವಂತೆ ಕೇಳಿಸುತ್ತದೆ. ಸಮ್ ಗಟ್ಟಿಯಾಗಿರಲಿ, ನಡುವಿನ ಪೆಟ್ಟುಗಳು ಅದರ ಅರ್ಧದಷ್ಟಿರಲಿ.

ಸಿಂಥ್‌ನ (ವಿದ್ಯುನ್ಮಾನವಾಗಿ ನಾದ ಹುಟ್ಟಿಸುವ ವಾದ್ಯದ) ಕಿಕ್, ಅಂದರೆ ಡ್ರಮ್ಮಿನ ತಗ್ಗಿನ ಗಟ್ಟಿ ಪೆಟ್ಟು, ಮೂಲತಃ ಒಂದು ಸೈನ್ ಅಲೆ (ಒಂದೇ ಕಂಪನದ ನಯವಾದ ನಾದ). ಅದರ ಪಿಚ್ ಮೇಲಿನಿಂದ ಸರ್ರನೆ ಕೆಳಗಿಳಿದಾಗ ಪೆಟ್ಟಿನ ಭಾವ ಬರುತ್ತದೆ. ಆ ಇಳಿತವನ್ನು ಸ್ವಲ್ಪ ನಿಧಾನಗೊಳಿಸಿ ನೋಡಿದಾಗ ನನಗೆ ತಬಲಾ ಜೋಡಿಯ ಡಗ್ಗಾದ ಗುಮುಕಿಗೆ (ಅಂಗೈ ಒತ್ತಿ ಬಾಗಿಸುವ ನಾದಕ್ಕೆ) ಹತ್ತಿರದ ನಾದ ಸಿಕ್ಕಿತು. ಆದರೆ ಡಿಕೇ (ನಾದ ಕ್ಷೀಣಿಸಲು ಹಿಡಿಯುವ ಸಮಯ) ಅತಿಯಾದರೆ ಏಕತಾರಿಯ ಶ್ರುತಿ ಮುಚ್ಚಿಹೋಗುತ್ತದೆ. ಹಲಗೆಯ ಚುರುಕು ಬೇಕಾದವರು ಸಿಂಥ್‌ನ ನಾಯ್ಸ್ (ಶ್ರುತಿಯಿಲ್ಲದ ‘ಶ್’ ಎನ್ನುವ ಸದ್ದು) ಅನ್ನು ಫಿಲ್ಟರ್ ಮಾಡಿ ಬಳಸಬಹುದು. ನಿಜವಾದ ಹಲಗೆ ಸಿಗುವಲ್ಲಿ ಅದನ್ನೇ ನುಡಿಸುವುದು ಮೇಲು.

ಫೈಲ್‌ಗಳನ್ನು ವೇವ್ ರೂಪದಲ್ಲಿ, ಪ್ರತಿ ವಾದ್ಯವನ್ನು ಬೇರೆ ಮಾಡಿ, ಹೆಸರಿನಲ್ಲಿ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ವೇಗ) ನಮೂದಿಸಿ ಶುಕ್ರವಾರ ಸಂಜೆಯೊಳಗೆ ಡಾಕ್ಯುಮೆಂಟ್ ಆಗಿ ಕಳುಹಿಸಿರಿ.