ಯುಪಿಎಸ್ ಕೆಟ್ಟಿದೆಯೋ, ಬ್ಯಾಟರಿ ಮುಗಿದಿದೆಯೋ? ಮೊದಲು ನೋಡಿ ಹೇಳಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ನಮ್ಮ ವಿಜಯಪುರದ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಯುಪಿಎಸ್‌ಗಳು, ಅಂದರೆ ಕರೆಂಟ್ ಹೋದಾಗ ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ ಪೆಟ್ಟಿಗೆಗಳು, ಸಾಲುಗಟ್ಟುತ್ತವೆ. ತಂದವರಿಗೆ ಸಿಗುವ ಉತ್ತರ ಬಹುತೇಕ ಒಂದೇ: 'ಬೋರ್ಡ್ ಹೋಗೇತ್ರಿ, ಹೊಸಾದ ತಗೋರಿ.' ಬೋರ್ಡ್ ಅಂದರೆ ಒಳಗಿನ ಸರ್ಕ್ಯೂಟ್. ಈ ಬೇಸಿಗೆಯಲ್ಲಿ ನನಗೂ ಅದೇ ಉತ್ತರ ಸಿಕ್ಕಿತು, ಅದು ತಪ್ಪೆಂದು ಆಮೇಲೆ ಗೊತ್ತಾಯಿತು. ಅಂಗಡಿಯ ಹೆಸರು ಬರೆಯುವುದಿಲ್ಲ. ಊರಲ್ಲಿ ಇರಬೇಕಾದವಳು, ನಾಳೆ ಮೌಸ್ ಕೆಟ್ಟರೆ ಮತ್ತೆ ಅವರ ಕಟ್ಟೆಯನ್ನೇ ಹತ್ತಬೇಕು.

ನಾನು ಮನೆಯಲ್ಲೇ ಕನ್ನಡ ಟೈಪಿಂಗ್ ಮಾಡುವವಳು. ವಕೀಲರ ಅರ್ಜಿ, ಬಾಂಡ್ ಪೇಪರಿನ ಕರಾರುಪತ್ರ, ಲಗ್ನಸರಾಯಿಯಲ್ಲಿ ಆಮಂತ್ರಣ ಪತ್ರಿಕೆ. ಹೊಲದ ಸರ್ವೇ ನಂಬರು, ಚಕ್ಕುಬಂದಿ ಹಾಕುತ್ತ ಕೂತಾಗ ಕರೆಂಟ್ ಹೋಗಿ ಕಂಪ್ಯೂಟರ್ ಬಂದ್ ಆದರೆ, ಎಲ್ಲಿಯವರೆಗೆ ಸೇವ್ ಆಗಿದೆ, ಎಲ್ಲಿಂದ ಹೋಗಿದೆ ಎಂದು ಹುಡುಕುವುದೇ ಒಂದು ಕೆಲಸ. ಅದಕ್ಕೇ ಯುಪಿಎಸ್ ಇಟ್ಟುಕೊಂಡಿದ್ದೇನೆ. ಮನೆಮನೆಯಲ್ಲಿ ಕಾಣುವ 600 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಪೆಟ್ಟಿಗೆ, ಒಳಗೆ 12 ವೋಲ್ಟ್, 7 ಆಂಪಿಯರ್-ಅವರ್‌ನ ಸೀಲ್ ಮಾಡಿದ ಬ್ಯಾಟರಿ. ಕರೆಂಟ್ ಇದ್ದಾಗ ಹಸಿರು ದೀಪ ಉರಿಯುತ್ತಿತ್ತು, ಕಂಪ್ಯೂಟರ್ ಸರಿಯಾಗಿ ನಡೆಯುತ್ತಿತ್ತು. ಕರೆಂಟ್ ಹೋದ ಕ್ಷಣಕ್ಕೆ ಒಂದು 'ಕೀಂವ್', ಅಷ್ಟೇ, ಪರದೆ ಕಪ್ಪು.

ಅಂಗಡಿಯ ಹುಡುಗ ಹಿಂದಿನ ಸ್ಕ್ರೂ ಬಿಚ್ಚಿ ಮೀಟರಿನ ಕಡ್ಡಿ ಹಚ್ಚಿದ. 12.6 ವೋಲ್ಟ್ ತೋರಿಸಿತು. 'ನೋಡ್ರಿ ಅಕ್ಕಾರ, ಬ್ಯಾಟರಿ ಛಲೋ ಐತಿ, ಬೋರ್ಡ್ ಹೋಗೇತಿ' ಅಂದ. ಹೊಸ ಯುಪಿಎಸ್ ರೇಟೂ ಅದೇ ಉಸುರಿನಲ್ಲಿ ಹೇಳಿದ. ನಾನು ಪೆಟ್ಟಿಗೆ ಎತ್ತಿಕೊಂಡು, ನಮ್ಮ ಓಣಿಯ ತುದಿಯಲ್ಲಿ ಗಾಡಿಗಳ ವೈರಿಂಗ್ ಮಾಡುವ ಕಾಕಾನ ಗ್ಯಾರೇಜಿಗೆ ಹೋದೆ. ಜೀಪಿನ ಬ್ಯಾಟರಿಯಾಗಲಿ ಯುಪಿಎಸ್ ಬ್ಯಾಟರಿಯಾಗಲಿ, ಸೀಸದ ಬ್ಯಾಟರಿಯ ಸ್ವಭಾವ ಒಂದೇ ತಾನೆ.

ಕಾಕಾ ಮೀಟರನ್ನು ನಂಬುವ ಮನುಷ್ಯ ಅಲ್ಲ. ಹಳೇ ಬೈಕಿನ 12 ವೋಲ್ಟ್, 35 ವ್ಯಾಟ್ ಹೆಡ್‌ಲೈಟ್ ಬಲ್ಬಿಗೆ ಎರಡು ವೈರು ಬೆಸೆದು ಇಟ್ಟುಕೊಂಡಿದ್ದಾನೆ. ಬ್ಯಾಟರಿಗೆ ಬಲ್ಬು ಹಚ್ಚಿ, ಅದರ ಮೇಲೇ ಮೀಟರ್ ಹಿಡಿದ. ಬಲ್ಬು ಫಳಕ್ಕನೆ ಹತ್ತಿತು, ನೋಡನೋಡುತ್ತ ಕೆಂಪಗಾಯಿತು. ಮೀಟರಿನಲ್ಲಿ 12.6 ಇದ್ದದ್ದು 11, ಹತ್ತೂವರೆ, ಒಂಬತ್ತು ಎಂದು ಇಳಿಯುತ್ತ ಹೋಯಿತು. ಬಲ್ಬು ತೆಗೆದ ಮೇಲೆ ಸ್ವಲ್ಪ ಹೊತ್ತಿಗೆ ಮತ್ತೆ 12ರ ಮೇಲೆ! 'ಕೂತಾಗ ಪೈಲ್ವಾನ, ಎದ್ದ ನಿಂತ್ರ ಬೀಳ್ತಾನ' ಅಂದ ಕಾಕಾ. ಆ ಬಲ್ಬು ಎಳೆಯುವುದು ಬರೀ ಮೂರು ಆಂಪಿಯರ್ ಆಸುಪಾಸು. ಕಂಪ್ಯೂಟರು, ಮಾನಿಟರು ಕೂಡಿ 100-120 ವ್ಯಾಟ್ ಎಳೆದರೆ ಬ್ಯಾಟರಿಯಿಂದ ಹತ್ತು ಆಂಪಿಯರ್‌ಗೂ ಹೆಚ್ಚು ಹೋಗಬೇಕು. ಸುಮಾರು ಹತ್ತೂವರೆ ವೋಲ್ಟಿಗೆ ಇಳಿದ ಕೂಡಲೇ ಯುಪಿಎಸ್ ತಾನೇ ಕೈಬಿಡುತ್ತದೆ. ನಮ್ಮನೆಯಲ್ಲಿ ಆಗುತ್ತಿದ್ದದ್ದು ಇದೇ. ಬೋರ್ಡ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಬೋರ್ಡನ್ನೂ ಕಾಕಾ ಹಾಗೇ ಬಿಡಲಿಲ್ಲ. ತನ್ನ ಹತ್ತಿರವಿದ್ದ ಒಂದು ಒಳ್ಳೆ ಬ್ಯಾಟರಿ ಜೋಡಿಸಿ, ಕರೆಂಟ್ ಕೊಟ್ಟು, ವೋಲ್ಟೇಜ್ ನಿಧಾನಕ್ಕೆ ಹದಿಮೂರೂವರೆಯ ಕಡೆ ಏರುತ್ತದೋ ಇಲ್ಲವೋ ನೋಡಿದ. ಏರಿತು. ಅಂದರೆ ಚಾರ್ಜರ್ ಬದುಕಿದೆ. ಏರದಿದ್ದರೆ ಹೊಸ ಬ್ಯಾಟರಿ ಹಾಕಿದರೂ ಕೆಲವೇ ದಿನಗಳಲ್ಲಿ ಅದೇ ಗತಿ. ಓದುಗರು ಇನ್ನೊಂದು ಗಮನಿಸಬೇಕು: ಕರೆಂಟ್ ಇರುವಾಗ, ಬ್ಯಾಟರಿ ಯುಪಿಎಸ್ಸಿನಲ್ಲೇ ಇರುವಾಗ ಅಳೆದರೆ ಕಾಣುವುದು ಚಾರ್ಜರಿನ ವೋಲ್ಟೇಜ್. ಆಗ ಸತ್ತ ಬ್ಯಾಟರಿಯೂ ಚೆನ್ನಾಗಿಯೇ ಕಾಣುತ್ತದೆ.

ಬ್ಯಾಟರಿಯೊಂದನ್ನೇ ಬದಲಿಸಿದೆ. ಹೊಸ ಯುಪಿಎಸ್ಸಿಗೆ ಹೇಳಿದ ದುಡ್ಡಿನ ಅರ್ಧವೂ ಆಗಲಿಲ್ಲ. ಕೊಳ್ಳುವಾಗ ಮೊದಲು ಕೈಗೆ ಕೊಟ್ಟದ್ದರ ಮೇಲೆ ಒಂದು ವರ್ಷಕ್ಕೂ ಹಿಂದಿನ ತಯಾರಿಕೆ ತಾರೀಖು ಇತ್ತು. ಬೇರೆ ಕೊಡಿ ಅಂದೆ. ಈ ಬ್ಯಾಟರಿಗಳು ಚಾರ್ಜ್ ಇಲ್ಲದೆ ಕಪಾಟಿನಲ್ಲಿ ಕೂತರೆ ಒಳಗಿನ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಬಳಸುವ ಮೊದಲೇ ಅರ್ಧ ಜೀವ ಕಳೆದುಕೊಂಡಿರುತ್ತವೆ. ತರಕಾರಿ ಕೊಳ್ಳುವಾಗ ತಿರುಗಿಸಿ ಮುರುಗಿಸಿ ನೋಡುವ ನಾವು ಇದನ್ನೇಕೆ ನೋಡಬಾರದು? ಹಳೆಯದನ್ನು ಅಂಗಡಿಯವರು ಸುಮ್ಮನೆ ಒಳಗಿಟ್ಟುಕೊಳ್ಳುತ್ತಿದ್ದರು. ಸೀಸಕ್ಕೆ ಗುಜರಿಯಲ್ಲಿ ಬೆಲೆ ಇದೆ, ಕೇಳಿದ ಮೇಲೆ ಬಿಲ್ಲಿನಲ್ಲಿ ಮುರಿದುಕೊಟ್ಟರು. ಕಸದ ಗಾಡಿಗಂತೂ ಯಾರೂ ಹಾಕಬೇಡಿ, 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರವೂ ಅದನ್ನು ಬೇರೆಯಾಗಿಯೇ ಕೊಡಬೇಕು.

ಇನ್ನು ನಮ್ಮ ಬಿಸಿಲು. ಈ ಬ್ಯಾಟರಿಗಳ ಆಯುಷ್ಯ ಲೆಕ್ಕ ಹಾಕುವುದು 25 ಡಿಗ್ರಿ ಉಷ್ಣಾಂಶಕ್ಕೆ. ಅದರ ಮೇಲೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಮೇ ತಿಂಗಳಲ್ಲಿ ಇಲ್ಲಿ ಹೊರಗೇ 40 ದಾಟುತ್ತದೆ, ಪಡುವಣ ಗೋಡೆಗೆ ಒತ್ತಿ ಇಟ್ಟ ಪೆಟ್ಟಿಗೆಯೊಳಗೆ ಎಷ್ಟಿದ್ದೀತು? ಹೀಗಾಗಿ ಎರಡು-ಮೂರು ವರ್ಷಕ್ಕೆ ಬ್ಯಾಟರಿ ಮುಗಿದರೆ ಅದು ಯುಪಿಎಸ್ಸಿನ ದೋಷವಲ್ಲ. ಬ್ಯಾಟರಿ ಉಬ್ಬಿ ಒಳಗೆ ಸಿಕ್ಕಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟುವ ಧೈರ್ಯ ಮಾತ್ರ ಮಾಡಬೇಡಿ.

ಹಿಂದಿನ ಓಣಿಯ ಮಾಸ್ತರರ ಮನೆಯ ತಕರಾರು ಬೇರೆ. ಅವರಲ್ಲಿ ದೊಡ್ಡ ಇನ್ವರ್ಟರ್ ಇದೆ, ಕಂಪ್ಯೂಟರಿಗೆ ಸಣ್ಣ ಯುಪಿಎಸ್ಸೂ ಇದೆ. ಕರೆಂಟ್ ಹೋಗಿ ಇನ್ವರ್ಟರ್ ಹತ್ತಿದರೂ ಯುಪಿಎಸ್ ಕೂಗುತ್ತಲೇ ಇದ್ದು, ಕಡೆಗೆ ಬಂದ್ ಆಗುತ್ತಿತ್ತು. ಎರಡೂ ಬ್ಯಾಟರಿ ಹೊಸವೇ. ಅವರದು ಸ್ಕ್ವೇರ್ ವೇವ್ ಇನ್ವರ್ಟರ್, ಅಂದರೆ ಮೇನ್ ಲೈನಿನಂತೆ ನಯವಾಗಿ ಏರಿಳಿಯದ ಕರೆಂಟ್ ಕೊಡುವಂಥದ್ದು. ಅದರ ಒರಟು ಅಲೆಯನ್ನು ಯುಪಿಎಸ್ ಒಳ್ಳೆಯ ಕರೆಂಟ್ ಎಂದು ಒಪ್ಪದೆ ತನ್ನ ಬ್ಯಾಟರಿಯನ್ನೇ ಖಾಲಿ ಮಾಡುತ್ತಿತ್ತು. ಅಲ್ಲಿಯೂ ಒಬ್ಬರು ಬೋರ್ಡ್ ಬದಲಿಸಲು ಹೇಳಿದ್ದರಂತೆ. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಇತ್ತು, ಅಂದರೆ ಕಂಪ್ಯೂಟರ್ ಬಂದ್ ಆಗದಷ್ಟು ಬೇಗ ಬ್ಯಾಟರಿಗೆ ಬದಲಾಗುವ ವ್ಯವಸ್ಥೆ. ಅದಕ್ಕೆ ಹಾಕಿ, ಕಂಪ್ಯೂಟರನ್ನು ನೇರ ಇನ್ವರ್ಟರ್ ಲೈನಿಗೇ ಕೊಟ್ಟರು, ಈಗ ನಡೆಯುತ್ತಿದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಳ್ಳುವವರಿಗೆ ವಸ್ತುವಿನ ಗುಣಮಟ್ಟ ತಿಳಿಯುವ ಹಕ್ಕು ಕೊಟ್ಟಿದೆ. ನಾನು ಕೇಳುವುದು ಅಷ್ಟು ದೊಡ್ಡದಲ್ಲ. ರಿಪೇರಿ ಅಂಗಡಿಯವರು ಕೌಂಟರಿನ ಮೇಲೆ ಒಂದು ಹೆಡ್‌ಲೈಟ್ ಬಲ್ಬು ಇಟ್ಟುಕೊಳ್ಳಲಿ. 'ಬೋರ್ಡ್ ಹೋಗಿದೆ' ಎನ್ನುವ ಮೊದಲು ಗಿರಾಕಿಯ ಎದುರೇ ಹಚ್ಚಿ ತೋರಿಸಲಿ, ಹೊಸ ಬ್ಯಾಟರಿಯ ತಯಾರಿಕೆ ತಾರೀಖನ್ನು ಬಿಲ್ಲಿನಲ್ಲಿ ಬರೆಯಲಿ. ನಮ್ಮ ಜಿಲ್ಲೆಯ ಐಟಿಐ, ಡಿಪ್ಲೊಮಾ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ವಿಭಾಗದವರು ಬೇಸಿಗೆ ಶುರುವಾಗುವ ಮೊದಲು, ಮಾರ್ಚ್‌ನಲ್ಲಿ, ಒಂದು ಶನಿವಾರ ಜನರ ಯುಪಿಎಸ್ ಬ್ಯಾಟರಿ ಪರೀಕ್ಷಿಸಿ ಕೊಟ್ಟರೆ ಹುಡುಗರಿಗೆ ಕೈಕೆಲಸವೂ ಆದೀತು. ಬಲ್ಬು ಬೇಕಿದ್ದರೆ ಕಾಕಾ ಕೊಡುತ್ತಾನೆ, ಕೇಳಿಯೇ ಬರೆಯುತ್ತಿದ್ದೇನೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು
ಜಲನಗರ, ವಿಜಯಪುರ