ಕ್ಲಚ್ ಕೆಲಸದ ವೇಳೆ ಬೇರಿಂಗ್ ಪರೀಕ್ಷಿಸದೆ 'ಪರೀಕ್ಷಿಸಲಾಗಿದೆ' ಎಂದು ಬರೆದಿರುವ ಕುರಿತು ದೂರು

ಗೆ,
ವ್ಯವಸ್ಥಾಪಕರು, ಸರ್ವಿಸ್ ವಿಭಾಗ

ವಿಷಯ: ನನ್ನ 2001ರ ಮಾದರಿಯ ಪೋರ್ಶೆ ಬಾಕ್ಸ್‌ಸ್ಟರ್ (986) ಕಾರಿನ ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗ್ ಪರೀಕ್ಷೆಯಲ್ಲಿ ಆಗಿರುವ ಲೋಪ.

ಮಾನ್ಯರೇ,

ಎಂಟು ತಿಂಗಳ ಹಿಂದೆ ಕ್ಲಚ್ ಬದಲಾಯಿಸಲೆಂದು ನನ್ನ ಕಾರನ್ನು ತಮ್ಮ ವರ್ಕ್‌ಶಾಪಿನಲ್ಲಿ ಬಿಟ್ಟಾಗ, ಜಾಬ್ ಕಾರ್ಡಿನ ಮೇಲೆ ನಾನೇ ಒಂದು ಕೋರಿಕೆಯನ್ನು ಬರೆದಿದ್ದೆ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಇಂಟರ್‌ಮೀಡಿಯೆಟ್ ಶಾಫ್ಟಿನ (ಇಂಜಿನ್ನಿನೊಳಗೆ ತಿರುಗುವಿಕೆಯನ್ನು ಮುಂದಕ್ಕೆ ಒಯ್ಯುವ ದಂಡ) ತುದಿಯ ಬೇರಿಂಗನ್ನು ಮುಚ್ಚಿರುವ ಫ್ಲ್ಯಾಂಜ್ ಬಿಚ್ಚಿ, ಒಳಗಿರುವುದು ಒಂಟಿ ಸಾಲು ಗುಂಡುಗಳ ಬೇರಿಂಗೋ ಜೋಡಿ ಸಾಲಿನದೋ ಎಂದು ನೋಡಿ, ಅದರ ಸ್ಥಿತಿಯನ್ನು ನನಗೆ ತಿಳಿಸಿದ ನಂತರವೇ ಮುಂದಿನ ಕೆಲಸ ಮಾಡಬೇಕೆಂಬುದು ಆ ಕೋರಿಕೆಯಾಗಿತ್ತು. ಕಾರು ವಾಪಸ್ ಬಂದಾಗ ಬಿಲ್ಲಿನಲ್ಲಿ 'ಬೇರಿಂಗ್ ಪರೀಕ್ಷಿಸಲಾಗಿದೆ, ದೋಷವಿಲ್ಲ' ಎಂಬ ಒಂದು ಸಾಲಿತ್ತು, ಅದರ ಕೂಲಿಯೂ ಸೇರಿತ್ತು. ನಾನು ಅದನ್ನು ನಂಬಿದೆ.

ಕಳೆದ ವಾರ ಆಯಿಲ್ ಬದಲಾಯಿಸುವಾಗ, ಈ ಇಂಜಿನ್ ಇಟ್ಟುಕೊಂಡವರೆಲ್ಲ ಮಾಡುವಂತೆ, ಹಳೆಯ ಫಿಲ್ಟರನ್ನು ಬ್ಲೇಡಿನಿಂದ ಸೀಳಿ ಅದರ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಒಂದೊಂದಾಗಿ ಬಿಡಿಸಿದೆ. ಮೊದಲ ಕೆಲವು ಮಡಿಕೆಗಳಲ್ಲಿ ಬರೀ ಕರಿ ಎಣ್ಣೆಯಿತ್ತು. ನಂತರದವುಗಳಲ್ಲಿ ಸಾಸಿವೆಗಿಂತ ಸಣ್ಣದಾದ ಹೊಳೆಯುವ ಚೂರುಗಳು ಕಂಡವು, ಜೊತೆಗೆ ರಬ್ಬರಿನಂಥ ಎರಡು ಕಪ್ಪು ತುಣುಕುಗಳಿದ್ದವು. ಆಯಸ್ಕಾಂತವನ್ನು ತೆಳುವಾದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹತ್ತಿರ ಹಿಡಿದೆ. ಚೂರುಗಳು ಎದ್ದು ಬಂದು ಅಂಟಿಕೊಂಡವು. ಅಲ್ಯೂಮಿನಿಯಂ ಆಗಿದ್ದರೆ ಹಾಗೆ ಅಂಟುತ್ತಿರಲಿಲ್ಲ, ಅವು ಉಕ್ಕು. ಆ ಕ್ಷಣದಿಂದ ನಾನು ಕಾರನ್ನು ಸ್ಟಾರ್ಟ್ ಮಾಡಿಲ್ಲ.

ತಮ್ಮ ಸರ್ವಿಸ್ ಸಲಹೆಗಾರರಿಗೆ ಫೋನ್ ಮಾಡಿದಾಗ ಅವರು ಎರಡು ಮಾತು ಹೇಳಿದರು. ಇದು ಈ ಇಂಜಿನ್ನಿನ ಹಳೆಯ ಕಾಯಿಲೆ, ಇದಕ್ಕೆ ಯಾರೂ ಹೊಣೆಯಲ್ಲ ಎಂಬುದು ಒಂದು. ಇಡೀ ಇಂಜಿನ್ ಬಿಚ್ಚದೆ ಆ ಬೇರಿಂಗ್ ಹೊರಗೆ ಬರುವುದೇ ಇಲ್ಲ ಎಂಬುದು ಇನ್ನೊಂದು. ಎರಡನೆಯದು ನನ್ನ ಕಾರಿಗೆ ಅನ್ವಯಿಸುವುದಿಲ್ಲ. 2006ರಿಂದ 2008ರವರೆಗಿನ ಇಂಜಿನ್ನುಗಳಲ್ಲಿ ಬೇರಿಂಗ್ ದೊಡ್ಡದಾಗಿದ್ದು, ಇಂಜಿನ್ನಿನ ಹೊರಕವಚವಾದ ಕ್ರ್ಯಾಂಕ್‌ಕೇಸನ್ನು ಇಬ್ಭಾಗ ಮಾಡದೆ ಅದನ್ನು ತೆಗೆಯಲಾಗುವುದಿಲ್ಲ. ಅದಕ್ಕೂ ಹಿಂದಿನ, ನನ್ನ ಕಾರಿನಲ್ಲಿರುವ ಎಂ96 ಇಂಜಿನ್ನಿನಲ್ಲಿ ಗೇರ್‌ಬಾಕ್ಸ್, ಕ್ಲಚ್ ಮತ್ತು ಫ್ಲೈವೀಲ್ ಇಳಿಸಿದರೆ ಫ್ಲ್ಯಾಂಜ್ ಕಣ್ಣೆದುರಿಗೇ ಇರುತ್ತದೆ. ಹಾಗಾದರೆ, ತೆಗೆಯಲು ಸಾಧ್ಯವೇ ಇಲ್ಲವೆಂದು ತಾವು ನಂಬಿದ್ದ ಬೇರಿಂಗನ್ನು ಪರೀಕ್ಷಿಸಿದ್ದೇವೆಂದು ಬಿಲ್ಲಿನಲ್ಲಿ ಬರೆದದ್ದು ಹೇಗೆ?

ಮೊದಲನೆಯ ಮಾತು ನನಗೆ ಹೆಚ್ಚು ನೋವು ತಂದಿತು. ಇದು ಗೊತ್ತಿರುವ ದೌರ್ಬಲ್ಯ ಎಂಬುದು ನಿಜ. ಕ್ರ್ಯಾಂಕ್‌ಶಾಫ್ಟಿನ ತಿರುಗುವಿಕೆಯನ್ನು ಚೈನುಗಳ ಮೂಲಕ, ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟುಗಳಿಗೆ ಒಯ್ಯುವ ಈ ಶಾಫ್ಟಿನ ಒಂದು ತುದಿ ಸೀಲ್ ಮಾಡಿದ ಬಾಲ್ ಬೇರಿಂಗಿನ ಮೇಲೆ ನಿಂತಿದೆ. ವರ್ಷಗಳು ಕಳೆದಂತೆ ಸೀಲ್ ಗಟ್ಟಿಯಾಗಿ ಇಂಜಿನ್ ಆಯಿಲ್ ಒಳಗೆ ನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ, ಆದರೆ ಬೇರಿಂಗಿಗೆ ಬೇಕಾದಷ್ಟು ಹೊಸ ಎಣ್ಣೆಯ ಹರಿವನ್ನು ಅದೇ ಸೀಲ್ ಬಿಡುವುದಿಲ್ಲ. ಕೊನೆಗೆ ಬೇರಿಂಗ್ ಕುಸಿದರೆ ಶಾಫ್ಟ್ ವಾಲುತ್ತದೆ, ಚೈನಿನ ಟೈಮಿಂಗ್ ತಪ್ಪುತ್ತದೆ, ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ, ಅಲ್ಲಿಗೆ ಇಂಜಿನ್ನಿನ ಕಥೆ ಮುಗಿಯುತ್ತದೆ. ಅಮೆರಿಕದಲ್ಲಿ 2001ರಿಂದ 2005ರ ಮಾದರಿಗಳಿಗೆ ಸಂಬಂಧಿಸಿ ಮಾಲೀಕರು ಇದೇ ಬೇರಿಂಗಿನ ಕುರಿತು ಸಾಮೂಹಿಕ ಮೊಕದ್ದಮೆ ಹೂಡಿ, ಅದು ರಾಜಿಯಲ್ಲಿ ಇತ್ಯರ್ಥವಾಯಿತು. ಎಲ್ಲ ಇಂಜಿನ್ನುಗಳೂ ಹೀಗೆ ಸಾಯುವುದಿಲ್ಲ, ಬಹುಪಾಲು ಕಾರುಗಳು ಇಂದಿಗೂ ಆರೋಗ್ಯವಾಗಿ ಓಡುತ್ತಿವೆ. ಆದ್ದರಿಂದ ನನ್ನ ದೂರು ಕಾರು ತಯಾರಿಸಿದವರ ಮೇಲಲ್ಲ, ಬೇರಿಂಗ್ ಸವೆದಿದೆ ಎಂಬುದರ ಮೇಲೂ ಅಲ್ಲ. ಸವೆಯಬಹುದೆಂದು ಗೊತ್ತಿದ್ದರಿಂದಲೇ ನಾನು ಮೊದಲೇ ಬರೆದು ಕೇಳಿದ್ದೆ.

ಪರೀಕ್ಷೆ ನಡೆದಿಲ್ಲ ಎನ್ನಲು ನನ್ನ ಬಳಿ ಇರುವ ಆಧಾರ ತಮ್ಮ ಬಿಲ್ಲೇ. ಫ್ಲ್ಯಾಂಜ್ ತೆಗೆಯಬೇಕಾದರೆ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳನ್ನು ಲಾಕ್ ಮಾಡಿ ಚೈನನ್ನು ಬಿಗಿಯಾಗಿಡುವ ಟೆನ್ಷನರುಗಳನ್ನು ಬಿಚ್ಚಬೇಕು. ಮತ್ತೆ ಕೂರಿಸುವಾಗ ಹೊಸ ಸೀಲ್ ಮತ್ತು ಹೊಸ ಬೋಲ್ಟುಗಳನ್ನು ಹಾಕಬೇಕು. ಬಿಲ್ಲಿನಲ್ಲಿ ಇವುಗಳಲ್ಲಿ ಒಂದೂ ಇಲ್ಲ. ನನಗೆ ಹಿಂದಿರುಗಿಸಿದ ಹಳೆಯ ಬಿಡಿಭಾಗಗಳ ಚೀಲದಲ್ಲಿದ್ದದ್ದು ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮತ್ತು ಹಳೆಯ ವಾಟರ್ ಪಂಪ್ ಮಾತ್ರ. ಪಂಪಿನ ಪ್ಲಾಸ್ಟಿಕ್ ಇಂಪೆಲ್ಲರಿನ ಒಂದು ಎಸಳು ಮುರಿದಿರುವುದನ್ನು ಕಂಡು, ಕೂಲೆಂಟ್ ದಾರಿಯಲ್ಲಿ ಸಿಕ್ಕಿಕೊಂಡಿದ್ದ ಆ ಚೂರನ್ನೂ ಹುಡುಕಿ ತೆಗೆದ ತಮ್ಮ ಮೆಕ್ಯಾನಿಕ್ಕಿಗೆ ನಾನು ಈಗಲೂ ಕೃತಜ್ಞನಾಗಿದ್ದೇನೆ. ಅಷ್ಟು ಶ್ರದ್ಧೆಯಿಂದ ಕೆಲಸ ಮಾಡುವವರಿರುವ ಜಾಗದಲ್ಲಿ ಹೀಗಾಗಿದೆ ಎಂಬುದು ನನ್ನ ಬೇಸರವನ್ನು ಹೆಚ್ಚಿಸಿದೆ. ಹೊರಗಿನಿಂದ ಫ್ಲ್ಯಾಂಜನ್ನು ನೋಡಿ, ಎಣ್ಣೆ ಸೋರಿಲ್ಲವೆಂದು ಖಚಿತಪಡಿಸಿಕೊಂಡು 'ಪರೀಕ್ಷಿಸಲಾಗಿದೆ' ಎಂದು ಬರೆದಿರಬಹುದೆಂದು ನನ್ನ ಊಹೆ. ಹಾಗಿದ್ದರೆ ಅದನ್ನು ಹಾಗೆಯೇ ಬರೆಯಬೇಕಿತ್ತು; ಗೇರ್‌ಬಾಕ್ಸ್ ಇಳಿದಿರುವಾಗಲೇ ಬೇರಿಂಗ್ ಬದಲಾಯಿಸಲು ನಾನು ಒಪ್ಪಿಗೆ ಕೊಡುತ್ತಿದ್ದೆ.

ತಮ್ಮಿಂದ ನಾನು ಕೇಳುವುದು ಇಷ್ಟು. ಮೊದಲು ಕಾರನ್ನು ಟೋ ಮಾಡಿಸಿಕೊಂಡು ಹೋಗಿ, ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಸಂಪ್ ಬಿಚ್ಚಿ ಒಳಗೆ ಎಷ್ಟು ಚೂರುಗಳಿವೆ ಎಂದು ನನ್ನ ಎದುರಿನಲ್ಲಿ ನೋಡಬೇಕು. ಬೇರಿಂಗ್ ಈಗಾಗಲೇ ಒಡೆಯತೊಡಗಿದ್ದರೆ ಹೊಸದನ್ನು ಕೂರಿಸಿ ಕಳುಹಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಎಣ್ಣೆಯೊಂದಿಗೆ ಹರಡಿರುವ ಉಕ್ಕಿನ ಚೂರುಗಳು ಇಂಜಿನ್ನಿನ ಉಳಿದ ಬೇರಿಂಗುಗಳನ್ನೂ ಹೊಸದನ್ನೂ ಕೆಡಿಸುತ್ತವೆ. ಆಗ ಇಂಜಿನ್ ಬಿಚ್ಚಿ ಶುಚಿಗೊಳಿಸಲೇಬೇಕಾಗುತ್ತದೆ, ಅದರ ಖರ್ಚಿನಲ್ಲಿ ತಮ್ಮ ಪಾಲೆಷ್ಟು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಹಾನಿ ಅಷ್ಟು ದೂರ ಹೋಗಿಲ್ಲದಿದ್ದರೆ, ಬೇರಿಂಗ್ ಮತ್ತು ಸೀಲುಗಳ ಬೆಲೆಯನ್ನು ನಾನೇ ಕೊಡುತ್ತೇನೆ. ಗೇರ್‌ಬಾಕ್ಸನ್ನು ಮತ್ತೆ ಇಳಿಸುವ ಕೂಲಿಯನ್ನು ತಾವು ಭರಿಸಬೇಕು ಮತ್ತು ಮಾಡದ ಪರೀಕ್ಷೆಗೆ ಪಡೆದ ಹಣವನ್ನು ಹಿಂದಿರುಗಿಸಬೇಕು.

ಜಾಬ್ ಕಾರ್ಡ್ ಮತ್ತು ಬಿಲ್ಲಿನ ಪ್ರತಿಗಳನ್ನು, ಫಿಲ್ಟರಿನ ಛಾಯಾಚಿತ್ರಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಫಿಲ್ಟರನ್ನೂ ಚೂರುಗಳನ್ನೂ ಮುಚ್ಚಿದ ಡಬ್ಬಿಯಲ್ಲಿ ಇಟ್ಟಿದ್ದೇನೆ, ತಮ್ಮ ಕಡೆಯವರು ಯಾವಾಗ ಬಂದರೂ ತೋರಿಸುತ್ತೇನೆ. ಹದಿನೈದು ದಿನಗಳೊಳಗೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ. ಅಲ್ಲಿಯವರೆಗೆ ಕಾರು ನಿಂತಲ್ಲೇ ಇರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಕಾರಿನ ಮಾಲೀಕ